ಹಳೆ ಲ್ಯಾಪ್‌ಟಾಪ್ ಇರಲಿ, ಅಕ್ಷರಕ್ಕೆ ಬೀಗ ಬೇಡ

ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಸವಕಳಿ ಪಾಠ ಓದಿದವರಿಗೆ ಒಂದು ಮಾತು ನೆನಪಿರಬಹುದು. ಯಂತ್ರದ ಬೆಲೆ ಇಳಿಯಬೇಕಾದರೆ ಅದು ಸವೆದೇ ಹೋಗಬೇಕೆಂದಿಲ್ಲ. ಅದಕ್ಕಿಂತ ಒಳ್ಳೆಯದು ಮಾರುಕಟ್ಟೆಗೆ ಬಂದರೂ ಸಾಕು, ನಿನ್ನೆಯವರೆಗೆ ಚೆನ್ನಾಗಿದ್ದ ಯಂತ್ರ ಇಂದು ಹಳೆಯದಾಗಿಬಿಡುತ್ತದೆ. ಪರೀಕ್ಷೆಯಲ್ಲಿ ಸವಕಳಿಯ ಕಾರಣಗಳನ್ನು ಕೇಳಿದಾಗ ನಾವು ಇದನ್ನೂ ಒಂದು ಅಂಶವಾಗಿ ಬರೆದು ಮುಂದೆ ಹೋಗುತ್ತೇವೆ. ನಾನು ಇಲ್ಲಿ ಆ ಒಂದು ಅಂಶದ ಬಗ್ಗೆಯೇ ಸ್ವಲ್ಪ ಬರೆಯಬೇಕೆಂದಿದ್ದೇನೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಡಿಸೈನ್ ಸಾಫ್ಟ್‌ವೇರ್ ಇಟ್ಟುಕೊಂಡು ಕೆಲಸ ಮಾಡುವುದು ಜಾಣತನವೋ, ನಾಚಿಕೆಯ ವಿಷಯವೋ, ಅಪಾಯವೋ? ನಮ್ಮ ಈ ಪತ್ರಿಕೆಯ ಪುಟಗಳು ಅಂಥದೇ ಒಂದು ಲ್ಯಾಪ್‌ಟಾಪ್‌ನಲ್ಲಿ ತಯಾರಾಗುತ್ತವೆ. ಹಾಗಾಗಿ ಇದು ನಮ್ಮೆಲ್ಲರ ಪ್ರಶ್ನೆ.

ಮೊದಲು ಲೆಕ್ಕ ನೋಡೋಣ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯ ಪ್ರಕಾರ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳ ಉಪಯುಕ್ತ ಆಯುಷ್ಯ ಮೂರು ವರ್ಷ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರ್ ಮತ್ತು ಅದರ ಸಾಫ್ಟ್‌ವೇರ್‌ಗೆ ವರ್ಷಕ್ಕೆ ಶೇ. 40ರಷ್ಟು ಸವಕಳಿ, ಅದೂ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ. ನಮ್ಮ ಪತ್ರಿಕೆಯ ಪುಟ ಕಟ್ಟುವ ಲ್ಯಾಪ್‌ಟಾಪ್ ನನ್ನ ಮಾಮುವಿನದು. ಅವರು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದಾರೆ. 2014ರಲ್ಲಿ 32,000 ರೂಪಾಯಿ ಕೊಟ್ಟು ಅದನ್ನು ಕೊಂಡಿದ್ದರು. ಶೇ. 40ರ ದರದಲ್ಲಿ ಮೊದಲ ವರ್ಷದ ಕೊನೆಗೆ ಅದರ ಬೆಲೆ 19,200 ರೂಪಾಯಿ, ಎರಡನೇ ವರ್ಷಕ್ಕೆ 11,520, ಮೂರನೇ ವರ್ಷಕ್ಕೆ 6,912. ಹೀಗೇ ಇಳಿದು ಹತ್ತನೇ ವರ್ಷದ ಕೊನೆಗೆ ಉಳಿಯುವುದು ಸುಮಾರು 193 ರೂಪಾಯಿ. ಅಂದರೆ ಪುಸ್ತಕದ ಲೆಕ್ಕದಲ್ಲಿ ಆ ಲ್ಯಾಪ್‌ಟಾಪ್‌ಗೂ ಒಂದು ಪ್ಲೇಟ್ ಬಿರಿಯಾನಿಗೂ ಈಗ ಹೆಚ್ಚು ವ್ಯತ್ಯಾಸವಿಲ್ಲ.

ಆದರೆ ಆ 193 ರೂಪಾಯಿಯ ಲ್ಯಾಪ್‌ಟಾಪ್ ಇಂದಿಗೂ ದುಡಿಯುತ್ತಿದೆ. ಅದರ ಬ್ಯಾಟರಿ ಸತ್ತು ಹೋಗಿ ಎಷ್ಟೋ ಕಾಲವಾಯಿತು. ಚಾರ್ಜರ್ ತೆಗೆದರೆ ಪರದೆ ಕಪ್ಪಾಗುತ್ತದೆ, ಕರೆಂಟು ಹೋದರೆ ಸೇವ್ ಮಾಡದ ಕೆಲಸವೂ ಹೋಗುತ್ತದೆ. ಸ್ವಿಚ್ ಒತ್ತಿ, ಎದುರಿನ ಹೋಟೆಲಿನಲ್ಲಿ ಚಹಾ ಹೇಳಿ, ಕುಡಿದು ಮುಗಿಸುವಷ್ಟರಲ್ಲಿ ಅದು ಎದ್ದಿರುತ್ತದೆ. ಅದರಲ್ಲಿ ವಿಂಡೋಸ್ 7, ನಾಲ್ಕು ಜಿಬಿ ರ‍್ಯಾಮ್, ಪೇಜ್‌ಮೇಕರ್ 7.0, ಹಳೆಯ ಕೋರಲ್‌ಡ್ರಾ, ಹಳೆಯ ನುಡಿ, ಉರ್ದುವಿಗೆ ಹಳೆಯ ಇನ್‌ಪೇಜ್ ಇವೆ. ಇಷ್ಟರಲ್ಲೇ ಶಾದಿ ಕಾರ್ಡು, ಬಿಲ್ ಬುಕ್ಕು, ಲೆಟರ್‌ಹೆಡ್ಡು, ಅಂಗಡಿ ಉದ್ಘಾಟನೆಯ ಕರಪತ್ರ, ವರ್ಷಕ್ಕೆ ಎರಡು ಬಾರಿ ನಮ್ಮ ಪತ್ರಿಕೆ, ಎಲ್ಲವೂ ಆಗುತ್ತವೆ. ಭಾನುವಾರ ನಾನು ಅಲ್ಲಿ ಕೂರುತ್ತೇನೆ. ಮನೆಯಲ್ಲಿ ಉರ್ದು ಮಾತಾಡುವ ನನಗೆ ಕನ್ನಡದ ಒತ್ತಕ್ಷರಗಳು ನಿಜವಾಗಿ ಅರ್ಥವಾದದ್ದು ಆ ಕೀಲಿಮಣೆಯ ಮೇಲೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಒತ್ತು ಬರಬೇಕಾದರೆ ನಡುವೆ ಎಫ್ ಕೀಲಿ ಒತ್ತಬೇಕು. ಯಾವ ಅಕ್ಷರ ಮೊದಲು, ಯಾವುದು ಅದರ ಕೆಳಗೆ ಎಂದು ಬೆರಳು ಕಲಿತ ಮೇಲೆ ಪೆನ್ನೂ ಕಲಿಯಿತು.

ಪೇಜ್‌ಮೇಕರ್ ಬಗ್ಗೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಅಲ್ಡಸ್ ಎಂಬ ಕಂಪನಿ 1985ರಲ್ಲಿ ಆಪಲ್ ಮ್ಯಾಕಿಂಟಾಷ್‌ಗಾಗಿ ಇದನ್ನು ಹೊರತಂದಿತು. ಅಚ್ಚುಮನೆಯಲ್ಲಿ ಮೊಳೆ ಜೋಡಿಸಿ, ಅಂಟು ಹಚ್ಚಿ ಮಾಡುತ್ತಿದ್ದ ಪುಟ ಜೋಡಣೆ ಮೇಜಿನ ಮೇಲಿನ ಕಂಪ್ಯೂಟರ್‌ಗೆ ಬಂದದ್ದು ಇಂಥ ಸಾಫ್ಟ್‌ವೇರ್‌ಗಳಿಂದ. ಡೆಸ್ಕ್‌ಟಾಪ್ ಪಬ್ಲಿಷಿಂಗ್, ಅಂದರೆ ಡಿಟಿಪಿ ಎಂಬ ಹೆಸರೂ ಹೀಗೇ ಬಂತು. 1994ರಲ್ಲಿ ಅಡೋಬಿ ಕಂಪನಿ ಅಲ್ಡಸ್ ಅನ್ನು ಕೊಂಡಿತು. 1999ರಲ್ಲಿ ಇನ್‌ಡಿಸೈನ್ ಎಂಬ ಹೊಸ ಸಾಫ್ಟ್‌ವೇರ್ ತಂದಿತು. ಪೇಜ್‌ಮೇಕರ್‌ನ ಕೊನೆಯ ಮುಖ್ಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಅಂದರೆ ನಾನು ಹುಟ್ಟುವುದಕ್ಕೂ ಏಳು ವರ್ಷ ಮೊದಲು. ಜಗತ್ತಿನ ಬೇರೆ ಕಡೆ ಅದನ್ನು ಮರೆತೇಬಿಟ್ಟಿರಬಹುದು. ಕರ್ನಾಟಕದ ಸಣ್ಣ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಅದಿನ್ನೂ ನಿವೃತ್ತಿಯಾಗಿಲ್ಲ.

ಯಾಕೆ ಆಗಿಲ್ಲ? ಅಂಗಡಿಯವರಿಗೆ ಹೊಸದು ಗೊತ್ತಿಲ್ಲ, ಅವರು ಸೋಮಾರಿಗಳು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅಲ್ಲಿ ಕೂತು ನೋಡಿದರೆ ಕಾರಣಗಳು ಬೇರೆಯೇ ಇವೆ. ಒಂದು, ಹಳೆಯ ಯಂತ್ರದಲ್ಲಿ ಹಳೆಯ ಸಾಫ್ಟ್‌ವೇರ್ ಬೇಗ ಓಡುತ್ತದೆ. ಲ್ಯಾಪ್‌ಟಾಪ್ ಏಳುವುದು ತಡ, ಎದ್ದ ಮೇಲೆ ಪೇಜ್‌ಮೇಕರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಎರಡು, ಗಿರಾಕಿ ಬರುವುದು ಹಳೆಯ ಫೈಲಿಗಾಗಿ. ‘ಹೋದ ವರ್ಷದ್ದೇ ಬಿಲ್ ಬುಕ್, ಫೋನ್ ನಂಬರ್ ಮಾತ್ರ ಬದಲಿಸಿ’ ಎನ್ನುತ್ತಾರೆ. ಆ ಫೈಲು ತೆರೆಯಬೇಕಾದರೆ ಅದೇ ಸಾಫ್ಟ್‌ವೇರ್ ಬೇಕು. ಮೂರು, ಆಫ್‌ಸೆಟ್ ಪ್ರೆಸ್ಸಿನವರ ಬಳಿಯೂ ಅದೇ ಇದೆ. ನಾಲ್ಕು, ಇಪ್ಪತ್ತು ವರ್ಷದಿಂದ ಒಂದೇ ದಾರಿಯಲ್ಲಿ ಓಡಾಡಿದ ಬೆರಳಿಗೆ ಹೊಸ ದಾರಿ ಕಲಿಸಲು ದಿನ ಬೇಕು. ಆ ದಿನಗಳಲ್ಲಿ ಅಂಗಡಿಯ ಬಾಡಿಗೆಯನ್ನು ಯಾರು ಕಟ್ಟಬೇಕು? ವ್ಯವಹಾರ ಅಧ್ಯಯನದ ಭಾಷೆಯಲ್ಲಿ ಹೇಳಿದರೆ ಇದು ವೆಚ್ಚ ಮತ್ತು ಲಾಭದ ಸರಿಯಾದ ತೂಕವೇ.

ಇನ್ನೊಂದು ದೊಡ್ಡ ಕಾರಣ ಹಣದ್ದು. ಮೊದಲು ಸಾಫ್ಟ್‌ವೇರನ್ನು ಒಮ್ಮೆ ಕೊಂಡರೆ ಮುಗಿಯಿತು, ಅದು ಬಂಡವಾಳ ವೆಚ್ಚ. 2013ರಿಂದ ಅಡೋಬಿ ತನ್ನ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ತಂದಿತು. ಈಗ ತಿಂಗಳಿಗೋ ವರ್ಷಕ್ಕೋ ಹಣ ಕಟ್ಟುತ್ತಲೇ ಇರಬೇಕು. ಸ್ವಂತ ಮನೆಯಲ್ಲಿದ್ದವರನ್ನು ಬಾಡಿಗೆ ಮನೆಗೆ ಕಳಿಸಿದ ಹಾಗೆ. ದೊಡ್ಡ ಕಂಪನಿಗೆ ಇದು ಅನುಕೂಲವೇ ಇರಬಹುದು, ಏಕೆಂದರೆ ಒಮ್ಮೆಲೇ ದೊಡ್ಡ ಮೊತ್ತ ಹಾಕಬೇಕಿಲ್ಲ. ಆದರೆ ಮದುವೆ ಸೀಸನ್‌ನಲ್ಲಿ ಮಾತ್ರ ಗಲ್ಲಾ ತುಂಬುವ ಅಂಗಡಿಗೆ, ರಂಜಾನ್ ಮುಗಿಯುವವರೆಗೆ ಶಾದಿ ಕಾರ್ಡಿನ ಆರ್ಡರೇ ಬರದ ಅಂಗಡಿಗೆ, ಪ್ರತಿ ತಿಂಗಳ ಬಾಡಿಗೆ ಇನ್ನೊಂದು ಕಂತು ಇದ್ದಂತೆ.

ಇಷ್ಟು ಹೇಳಿದ್ದು ಯಾಕೆಂದರೆ, ಹಳೆಯ ಲ್ಯಾಪ್‌ಟಾಪ್ ಕಂಡು ನಗುವವರು ನಮ್ಮ ನಡುವೆ ಇದ್ದಾರೆ. ಪುಟ ಕಟ್ಟಲು ನಾನು ಅದನ್ನು ಕಾಲೇಜಿಗೆ ತಂದ ದಿನ ಒಬ್ಬ ಗೆಳೆಯ, ‘ಇದನ್ನ ಮ್ಯೂಸಿಯಂಗೆ ಕೊಡೋದಲ್ವಾ?’ ಎಂದ. ತಮಾಷೆಗೇ ಹೇಳಿದ, ನಾನೂ ನಕ್ಕೆ. ಆದರೆ ಇಂಥ ತಮಾಷೆಗೆ ಹೆದರಿ ಮನೆಯಲ್ಲಿ ಹಠ ಹಿಡಿದು ಕಂತಿನ ಮೇಲೆ ಹೊಸ ಲ್ಯಾಪ್‌ಟಾಪ್ ತೆಗೆಸಿಕೊಂಡವರನ್ನೂ ನಾನು ನೋಡಿದ್ದೇನೆ. ಅಬ್ಬಾ ಗ್ಯಾರೇಜಿನಲ್ಲಿ ದುಡಿದು, ಅಮ್ಮಿ ಮನೆಯಲ್ಲಿ ಹೊಲಿದು ಕಟ್ಟುವ ಕಂತು ಅದು. ಆ ಲ್ಯಾಪ್‌ಟಾಪ್‌ನಲ್ಲಿ ನಡೆಯುವುದು ಟ್ಯಾಲಿ ಅಭ್ಯಾಸ ಮತ್ತು ಸಿನಿಮಾ ಮಾತ್ರ. ಲೆಕ್ಕದ ಪುಸ್ತಕದ ಬೆಲೆ ಬೇರೆ, ಉಪಯೋಗದ ಬೆಲೆ ಬೇರೆ ಎಂಬುದನ್ನು ವಾಣಿಜ್ಯ ವಿದ್ಯಾರ್ಥಿಗಳಾದ ನಾವೇ ಮರೆತರೆ ಹೇಗೆ? ಕೆಲಸ ನಡೆಯುತ್ತಿರುವವರೆಗೆ ಹಳೆಯ ಯಂತ್ರ ಇಟ್ಟುಕೊಳ್ಳುವುದರಲ್ಲಿ ನಾಚಿಕೆ ಇಲ್ಲ. ಇದು ನನ್ನ ಮೊದಲ ಅಭಿಪ್ರಾಯ.

ಎರಡನೆಯ ಅಭಿಪ್ರಾಯವನ್ನು ಕೇಳಿದರೆ ಮಾಮು ಸ್ವಲ್ಪ ಬೇಸರ ಮಾಡಿಕೊಳ್ಳಬಹುದು. ಯಂತ್ರ ಹಳೆಯದಿರಲಿ. ಆದರೆ ನಾವು ಅದರೊಳಗೆ ಇಡುವ ಅಕ್ಷರ ಹಳೆಯ ಬೀಗದೊಳಗೆ ಇರಬಾರದು.

ಬೀಗ ಎಂದರೆ ಏನು? ಹಳೆಯ ನುಡಿ ಅಥವಾ ಹಳೆಯ ಬರಹದ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದಾಗ ನಮ್ಮ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಆದರೆ ಕಂಪ್ಯೂಟರ್ ಒಳಗೆ ಬರೆದುಕೊಳ್ಳುವುದು ಕನ್ನಡವನ್ನಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಎಳೆದ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಹೀಗೆ ಒಂದರ ಪಕ್ಕ ಒಂದು. ಫಾಂಟ್ ಎಂಬುದು ಈ ಚಿಹ್ನೆಗಳಿಗೆ ಹಾಕಿದ ಕನ್ನಡದ ಮುಖವಾಡ. ಪಿ ಇದ್ದಲ್ಲಿ ‘ಕ’ದ ಒಂದು ಭಾಗ, ಪೌಂಡ್ ಇದ್ದಲ್ಲಿ ‘ನ’ದ ಒಂದು ಭಾಗ ಕಾಣಿಸುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದೇ ಫೈಲನ್ನು ತೆರೆದರೆ ಮುಖವಾಡ ಕಳಚಿ ಬೀಳುತ್ತದೆ. ಯಾರಾದರೂ ಕಳಿಸಿದ ಕನ್ನಡ ಪತ್ರ ಫೋನಿನಲ್ಲಿ ಪಿ, ಎ, ಪೌಂಡ್ ಎಂದು ಕಾಣಿಸಿದ ಅನುಭವ ನಿಮಗೂ ಆಗಿರಬೇಕು. ಅದನ್ನು ಹುಡುಕಲು ಆಗುವುದಿಲ್ಲ, ಅನುವಾದ ಮಾಡಲು ಆಗುವುದಿಲ್ಲ. ಕಣ್ಣು ಕಾಣದವರಿಗಾಗಿ ಪರದೆ ಓದಿ ಹೇಳುವ ಸಾಫ್ಟ್‌ವೇರ್ ಕೂಡ ಅದನ್ನು ಕನ್ನಡ ಎಂದು ಗುರುತಿಸುವುದಿಲ್ಲ.

ಯುನಿಕೋಡ್ ಇದಕ್ಕೆ ಪರಿಹಾರ. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ಒಂದು ಸಂಖ್ಯೆ ಕೊಟ್ಟಿರುವ ಪಟ್ಟಿ ಅದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅಲ್ಲಿ ಜಾಗ ಇತ್ತು. ಯುನಿಕೋಡ್‌ನಲ್ಲಿ ಬರೆದ ‘ಕ’ ಯಾವ ಫೋನಿಗೆ ಹೋದರೂ, ಯಾವ ಫಾಂಟಿಗೆ ಬದಲಿಸಿದರೂ ‘ಕ’ವೇ. ಆದರೆ ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತಿಲ್ಲ. ನೀವು ವಾಟ್ಸಾಪ್‌ನಲ್ಲಿ ಕಳಿಸಿದ ಲೇಖನವನ್ನು ಅದರೊಳಗೆ ಹಾಕಿದರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಅದಕ್ಕೇ ನಾವು ಪ್ರತಿ ಸಂಚಿಕೆಯಲ್ಲೂ ನಿಮ್ಮ ಒಳ್ಳೆಯ ಯುನಿಕೋಡ್ ಕನ್ನಡವನ್ನು ಹಳೆಯ ಫಾಂಟಿಗೆ ಇಳಿಸಿ, ಮುಖವಾಡ ಹಾಕಿ, ಆಮೇಲೆ ಪುಟಕ್ಕೆ ಹಚ್ಚುತ್ತೇವೆ. ಇರುವ ಬೆಳಕನ್ನು ಆರಿಸಿ ಕತ್ತಲಲ್ಲಿ ಹುಡುಕಿದಂತೆ.

ಇದರಿಂದ ಆಗುವ ನಷ್ಟ ಏನೆಂದು ಕಳೆದ ವರ್ಷ ತಿಳಿಯಿತು. ನಮ್ಮ ಕಾಲೇಜಿನಲ್ಲಿ ಬಹಳ ವರ್ಷ ಉರ್ದು ಕಲಿಸಿ ನಿವೃತ್ತರಾಗಿದ್ದ ಸರ್ ಒಬ್ಬರು ತೀರಿಕೊಂಡರು. ಅವರು 2009ರ ಸಂಚಿಕೆಯಲ್ಲಿ ಕಾಲೇಜಿನ ಆರಂಭದ ದಿನಗಳ ಬಗ್ಗೆ ಎರಡು ಲೇಖನ ಬರೆದಿದ್ದರು, ಕನ್ನಡದಲ್ಲಿ ಒಂದು, ಉರ್ದುವಿನಲ್ಲಿ ಒಂದು. ತಗಡಿನ ಸೂರಿನ ಎರಡು ಕೋಣೆಯಲ್ಲಿ ತರಗತಿ ನಡೆದದ್ದು, ಮೊದಲ ಬ್ಯಾಚಿನ ಹುಡುಗಿಯರನ್ನು ಕಳಿಸಿಕೊಡಿ ಎಂದು ಮನೆಮನೆಗೆ ಹೋಗಿ ಕೇಳಿಕೊಂಡದ್ದು, ಎಲ್ಲವೂ ಅದರಲ್ಲಿ ಇತ್ತಂತೆ. ಅವರ ಮಗಳು ಫೋನ್ ಮಾಡಿ, ‘ಅಬ್ಬಾ ಬರೆದದ್ದು ನಮ್ಮ ಹತ್ತಿರ ಇಲ್ಲ, ನಿಮ್ಮ ಕಡತದಲ್ಲಿ ಇದ್ದರೆ ಕಳಿಸಿ’ ಎಂದು ಕೇಳಿದರು. ಗ್ರಂಥಾಲಯದ ಪ್ರತಿಯಲ್ಲಿ ಆ ಹಾಳೆಗಳೇ ಇರಲಿಲ್ಲ. ಕಪಾಟಿನಲ್ಲಿ ಒಂದು ಸಿಡಿ ಸಿಕ್ಕಿತು. ಅದನ್ನು ಓದಬಲ್ಲ ಯಂತ್ರಕ್ಕಾಗಿ ಹುಡುಕಿ, ಕೊನೆಗೆ ಮಾಮುವಿನ ಅದೇ ಹಳೆಯ ಲ್ಯಾಪ್‌ಟಾಪ್‌ಗೆ ಹಾಕಿದೆವು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇರುವುದಿಲ್ಲವಲ್ಲ.

ಫೈಲ್ ತೆರೆಯಿತು. ಕನ್ನಡದ ಲೇಖನ ಹಳೆಯ ಫಾಂಟಿನಲ್ಲಿತ್ತು. ಆ ಪಠ್ಯವನ್ನು ತೆಗೆದು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿದೆ. ಅಲ್ಲಲ್ಲಿ ಅರ್ಕಾವತ್ತು, ಒತ್ತಕ್ಷರ ಸರಿಪಡಿಸಿ ಮುಗಿಸಲು ಸುಮಾರು ಒಂದು ಗಂಟೆ ಹಿಡಿಯಿತು. ಅದನ್ನು ಅವರ ಮಗಳ ಫೋನಿಗೆ ಕಳಿಸಿದೆವು. ಉರ್ದುವಿನ ಲೇಖನ ಮಾತ್ರ ಸಿಗಲಿಲ್ಲ. ಆ ಕಾಲದಲ್ಲಿ ಉರ್ದು ಪುಟವನ್ನು ಇನ್‌ಪೇಜ್‌ನಲ್ಲಿ ಮಾಡಿ, ಚಿತ್ರವಾಗಿ ಬದಲಿಸಿ, ಪೇಜ್‌ಮೇಕರ್ ಪುಟದಲ್ಲಿ ಅಂಟಿಸುತ್ತಿದ್ದರು. ದೊಡ್ಡ ಚಿತ್ರಗಳನ್ನು ಪೇಜ್‌ಮೇಕರ್ ತನ್ನೊಳಗೆ ಇಟ್ಟುಕೊಳ್ಳದೆ, ಅವು ಎಲ್ಲಿವೆ ಎಂಬ ವಿಳಾಸವನ್ನು ಮಾತ್ರ ಇಟ್ಟುಕೊಳ್ಳಬಹುದು. ವಿಳಾಸ ಇತ್ತು, ಆ ವಿಳಾಸದ ಕಂಪ್ಯೂಟರ್ ಎಂದೋ ಗುಜರಿಗೆ ಹೋಗಿತ್ತು. ಉಳಿದದ್ದು ಒಂದು ಮಸುಕಾದ ಮುನ್ನೋಟ. ನನ್ನ ನಾನಿ ಕನ್ನಡಕ ಏರಿಸಿ, ಇಳಿಸಿ, ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು ಓದಲು ನೋಡಿದರು. ಶೀರ್ಷಿಕೆ ಸಿಕ್ಕಿತು, ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು. ಲೇಖನ ಸಿಗಲಿಲ್ಲ.

ಇದು ಯಾರೊಬ್ಬರ ತಪ್ಪೂ ಅಲ್ಲ. ಆಗ ಪುಟ ಕಟ್ಟಿದವರು ಅಂದಿನ ಅತ್ಯುತ್ತಮ ದಾರಿಯನ್ನೇ ಹಿಡಿದಿದ್ದರು. ಉರ್ದುವಿನ ನಸ್ತಾಲೀಕ್ ಬರಹವನ್ನು ಕಂಪ್ಯೂಟರ್‌ಗೆ ತರುವುದೇ ಒಂದು ಸಾಹಸವಾಗಿತ್ತು. ಅದರಲ್ಲಿ ಅಕ್ಷರಗಳು ಒಂದೇ ಗೆರೆಯ ಮೇಲೆ ನಿಲ್ಲುವುದಿಲ್ಲ, ಬಲಗಡೆ ಮೇಲಿನಿಂದ ಎಡಗಡೆ ಕೆಳಕ್ಕೆ ಜಾರುತ್ತಾ ಕೂಡಿಕೊಳ್ಳುತ್ತವೆ. ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಅವರು ಹೀಗೆ ಕೂಡಿದ ಸುಮಾರು 20,000 ಅಕ್ಷರಗುಚ್ಛಗಳನ್ನು ಸಿದ್ಧಮಾಡಿ ನೂರಿ ನಸ್ತಾಲೀಕ್ ರೂಪಿಸಿದರು. 1981ರಲ್ಲಿ ಜಂಗ್ ಪತ್ರಿಕೆ ಅದರಲ್ಲಿ ಅಚ್ಚಾಯಿತು. 1990ರ ದಶಕದಲ್ಲಿ ಇನ್‌ಪೇಜ್ ಬಂದ ಮೇಲೆ ನಮ್ಮಂಥ ಊರುಗಳ ಅಂಗಡಿಗಳಲ್ಲೂ ಚಂದದ ಉರ್ದು ಅಚ್ಚು ಸಾಧ್ಯವಾಯಿತು. ಅದಕ್ಕೂ ಮೊದಲು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. ಚೆನ್ನೈನಲ್ಲಿ 1927ರಲ್ಲಿ ಶುರುವಾದ ದಿ ಮುಸಲ್ಮಾನ್ ದಿನಪತ್ರಿಕೆ ಕಂಪ್ಯೂಟರ್ ಕಾಲ ಬಂದ ಮೇಲೂ ಕಾತಿಬರ ಕೈಬರಹದಲ್ಲೇ ಹೊರಬರುತ್ತಿದ್ದುದಕ್ಕೆ ಹೆಸರಾಗಿದೆ. ಯೋಚಿಸಿ ನೋಡಿ. ಕಾತಿಬರು ಬರೆದ ಹಾಳೆ ನೂರು ವರ್ಷದ್ದಾದರೂ ಕಣ್ಣಿದ್ದರೆ ಓದಬಹುದು. ನಾವು 2009ರಲ್ಲಿ ಕಂಪ್ಯೂಟರ್‌ನಲ್ಲಿ ಮಾಡಿದ ಪುಟವನ್ನು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಓದಲಾಗಲಿಲ್ಲ.

ಲೆಕ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಯಂತ್ರದ ಬೆಲೆ ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಬರಹ ಹಾಗಲ್ಲ. ಓದಲು ಸಾಧ್ಯವಿರುವವರೆಗೆ ಅದರ ಬೆಲೆ ಪೂರ್ತಿ ಇರುತ್ತದೆ, ಬೀಗ ಬಿದ್ದ ದಿನ ಒಮ್ಮೆಲೇ ಸೊನ್ನೆ. ಕಾಲೇಜಿನ ಆಸ್ತಿಪಟ್ಟಿಯಲ್ಲಿ ಬೆಂಚು, ಫ್ಯಾನು, ಕಂಪ್ಯೂಟರ್ ಎಲ್ಲವೂ ಇರುತ್ತವೆ. ಸರ್ ಬರೆದಂಥ ಲೇಖನ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದಕ್ಕೇ ಅದು ಹೋದಾಗ ಯಾವ ಲೆಕ್ಕದಲ್ಲೂ ನಷ್ಟ ಕಾಣುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳನ್ನೂ ನೋಡೋಣ. ಯುನಿಕೋಡ್‌ನಲ್ಲಿ ಅಂದದ ಫಾಂಟುಗಳಿಲ್ಲ ಎಂಬುದು ಮಾಮುವಿನ ಮಾತು. ಶಾದಿ ಕಾರ್ಡಿಗೆ ಬೇಕಾದ ಬಳ್ಳಿ ಸುತ್ತಿದ ಅಕ್ಷರಗಳ ಮಟ್ಟಿಗೆ ಅದರಲ್ಲಿ ಸತ್ಯವಿದೆ, ಹಳೆಯ ಫಾಂಟುಗಳಲ್ಲಿ ಬಗೆಬಗೆ ಇವೆ. ಆದರೆ ಪತ್ರಿಕೆಗೆ ಬಳ್ಳಿ ಬೇಡ, ಓದಲು ಹಿತವಾದ ಅಕ್ಷರ ಬೇಕು. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ತಲೆಬರಹಕ್ಕೆ ಬಲೂ ತಮ್ಮ, ಉರ್ದುವಿಗೆ ನೋಟೋ ನಸ್ತಾಲೀಕ್, ಇವೆಲ್ಲ ಹಣ ಕೊಡದೆ ಸಿಗುತ್ತವೆ. ಈಗಿನ ನುಡಿಯಲ್ಲೂ ಯುನಿಕೋಡ್ ಇದೆ, ಕೀಲಿಮಣೆ ಅದೇ. ಬೆರಳಿಗೆ ಹೊಸ ಪಾಠ ಏನೂ ಇಲ್ಲ.

‘ಎಲ್ಲವನ್ನೂ ಫೋನಿನ ಆ್ಯಪ್‌ನಲ್ಲೇ ಮಾಡಬಹುದಲ್ಲ’ ಎಂಬುದು ಗೆಳೆಯರ ಮಾತು. ಫ್ರೆಷರ್ಸ್ ಡೇ ಪೋಸ್ಟರ್‌ಗೆ, ಸ್ಟೇಟಸ್‌ಗೆ ಹಾಕುವ ಶುಭಾಶಯಕ್ಕೆ ಅದು ಸಾಕು, ನಾನೂ ಬಳಸುತ್ತೇನೆ. ಹದಿನಾರು ಪುಟ, ಎರಡು ಲಿಪಿ, ಒಂದು ಎಡದಿಂದ ಬಲಕ್ಕೆ, ಇನ್ನೊಂದು ಬಲದಿಂದ ಎಡಕ್ಕೆ, ಎಲ್ಲವೂ ಆಫ್‌ಸೆಟ್ ಪ್ರೆಸ್ಸಿಗೆ ಹೋಗಬೇಕು ಎಂದಾಗ ಆರು ಇಂಚಿನ ಪರದೆ ಸಾಲದು. ಅದಲ್ಲದೆ ಆ್ಯಪ್‌ನಲ್ಲಿ ಮಾಡಿದ ಕೆಲಸ ಇರುವುದು ಯಾವುದೋ ಕಂಪನಿಯ ಸರ್ವರ್‌ನಲ್ಲಿ, ಯಾರೋ ಒಬ್ಬರ ಖಾತೆಯಲ್ಲಿ. ಆ ವಿದ್ಯಾರ್ಥಿ ಪಿಯುಸಿ ಮುಗಿಸಿ ಹೋದ ಮೇಲೆ ಪಾಸ್‌ವರ್ಡ್ ಕೇಳುವುದು ಯಾರನ್ನು? ಹಳೆಯ ಬೀಗ ಒಡೆದು ಹೊಸ ಬೀಗ ಹಾಕಿದಂತಾಗುತ್ತದೆ ಅಷ್ಟೇ.

ಹೊಸ ಸಾಫ್ಟ್‌ವೇರ್ ಕಲಿಯದಿದ್ದರೆ ನಾಳೆ ಕೆಲಸ ಸಿಗುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟು. ಹೊಸದನ್ನು ಖಂಡಿತ ಕಲಿಯೋಣ. ಆದರೆ ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು, ಕಾಲಂ ಎಷ್ಟು ಅಗಲ ಇರಬೇಕು, ಸಾಲಿನ ನಡುವೆ ಎಷ್ಟು ಅಂತರ ಇದ್ದರೆ ಕಣ್ಣಿಗೆ ಹಿತ, ಇವು 1985ರಿಂದ ಬದಲಾಗಿಲ್ಲ. ಇವನ್ನು ಬಲ್ಲವರಿಗೆ ಹೊಸ ಮೆನು ಒಂದೆರಡು ವಾರದ ಕೆಲಸ. ಮೆನು ಮಾತ್ರ ಬಲ್ಲವರ ವಿದ್ಯೆ ಮುಂದಿನ ಆವೃತ್ತಿ ಬಂದ ದಿನವೇ ಹಳೆಯದಾಗುತ್ತದೆ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಹಳೆಯ ಸಾಫ್ಟ್‌ವೇರ್ ಎಂದು ನಾವು ಬಳಸುವುದರಲ್ಲಿ ಎಷ್ಟೋ ಹಣ ಕೊಟ್ಟು ಕೊಂಡದ್ದಲ್ಲ, ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟಿ ಬಂದದ್ದು. ಕಂಪನಿ ಮಾರುವುದನ್ನು ನಿಲ್ಲಿಸಿದ ಮಾತ್ರಕ್ಕೆ ಅದು ಉಚಿತವಾಗುವುದಿಲ್ಲ. ತೂಕದಲ್ಲಿ ಮೋಸ ಮಾಡಬಾರದು, ಬೇರೆಯವರ ಹಕ್ಕು ತಿನ್ನಬಾರದು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದ ನಾವು ಸಾಫ್ಟ್‌ವೇರ್ ವಿಷಯದಲ್ಲಿ ಮಾತ್ರ ಸುಮ್ಮನಿರುವುದು ಯಾಕೆ? ಕಾನೂನುಬದ್ಧವಾಗಿ ಉಚಿತವಾದ ದಾರಿ ಇಲ್ಲದಿದ್ದರೆ ಬೇರೆ ಮಾತು. ದಾರಿ ಇದೆ. ಬರೆಯಲು ಲಿಬ್ರೆ ಆಫೀಸ್, ಚಿತ್ರ ಬಿಡಿಸಲು ಇಂಕ್‌ಸ್ಕೇಪ್, ಪುಟ ಕಟ್ಟಲು ಸ್ಕ್ರೈಬಸ್. ಸ್ಕ್ರೈಬಸ್‌ನ ಈಗಿನ 1.6 ಆವೃತ್ತಿ ನಮ್ಮ ಲಿಪಿಗಳನ್ನು ಜೋಡಿಸಬಲ್ಲದು, ಪ್ರೆಸ್ಸಿಗೆ ಬೇಕಾದ ನಾಲ್ಕು ಬಣ್ಣದ ಪಿಡಿಎಫ್ ಕೊಡಬಲ್ಲದು. ಪೇಜ್‌ಮೇಕರ್‌ನಷ್ಟು ಚುರುಕಾಗಿ ಹಳೆಯ ಯಂತ್ರದಲ್ಲಿ ಓಡುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಸ್ವಲ್ಪ ತಾಳ್ಮೆ ಬೇಕು.

ಯಂತ್ರಗಳ ಪ್ರಶ್ನೆಯೂ ಬಾಗಿಲಿಗೆ ಬಂದು ನಿಂತಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರ್ ಇರಬೇಕು. ನಮ್ಮ ಲ್ಯಾಬಿನ ಹಲವು ಕಂಪ್ಯೂಟರ್‌ಗಳು ಅಷ್ಟು ಹೊಸದಲ್ಲ. ಇವನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿ ನೋಡಬಹುದು. ಅದಕ್ಕೆ ಎರಡು ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ, ನಾಲ್ಕು ಇದ್ದರೆ ಒಳ್ಳೆಯದು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಯಂತ್ರಕ್ಕೆ ಹೊಸ ಉಸಿರು ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬಂದವರಿಗೆ ಇದು ಹೊಸ ಮಾತೇನಲ್ಲ. ಇನ್ನು ಬೆಂಬಲ ನಿಂತ ವಿಂಡೋಸ್ ಇರುವ ಯಂತ್ರವನ್ನು ಹಳೆಯ ಫೈಲುಗಳಿಗಾಗಿ ಇಟ್ಟುಕೊಳ್ಳಲೇಬೇಕಾದರೆ ಅದಕ್ಕೆ ಇಂಟರ್‌ನೆಟ್ ಕೊಡದೆ ಇಡುವುದು ಕ್ಷೇಮ. ಅದರಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹೊಡೆಯುವುದು, ಸ್ಕಾಲರ್‌ಶಿಪ್ ಅರ್ಜಿ ತುಂಬುವುದು ಬೇಡವೇ ಬೇಡ.

ಈಗ ನನ್ನ ಮನವಿ. ಪ್ರಾಂಶುಪಾಲರು, ಪತ್ರಿಕೆಯ ಹೊಣೆ ಹೊತ್ತ ಉಪನ್ಯಾಸಕರು ಮತ್ತು ವಿದ್ಯಾರ್ಥಿ ಬಳಗ ಇದನ್ನು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲನೆಯದು, ಮುಂದಿನ ಸಂಚಿಕೆಯಿಂದ ಕನ್ನಡ, ಉರ್ದು, ಇಂಗ್ಲಿಷ್ ಎಲ್ಲ ಲೇಖನಗಳನ್ನೂ ಯುನಿಕೋಡ್‌ನಲ್ಲೇ ಪಡೆಯೋಣ, ಯುನಿಕೋಡ್‌ನಲ್ಲೇ ಪುಟ ಕಟ್ಟೋಣ. ಕೈಬರಹದಲ್ಲಿ ಕೊಡುವವರನ್ನು ತಡೆಯುವುದು ಬೇಡ. ಅವರ ಲೇಖನವನ್ನು ನಾವೇ ಟೈಪ್ ಮಾಡುತ್ತೇವೆ. ಲ್ಯಾಪ್‌ಟಾಪ್ ಇಲ್ಲ ಎಂಬ ಕಾರಣಕ್ಕೆ ಯಾರೂ ಬರೆಯದೆ ಉಳಿಯಬಾರದು.

ಎರಡನೆಯದು, ಪ್ರತಿ ಸಂಚಿಕೆ ಮುಗಿದಾಗ ಪುಟದ ಫೈಲು, ಪಿಡಿಎಫ್, ಬರೀ ಪಠ್ಯ ಮತ್ತು ಚಿತ್ರಗಳನ್ನು ಒಂದೇ ಫೋಲ್ಡರಿನಲ್ಲಿ ಹಾಕಿ ಕಚೇರಿಯಲ್ಲೊಂದು, ಗ್ರಂಥಾಲಯದಲ್ಲೊಂದು ಪ್ರತಿ ಇಡೋಣ. ಪುಟದ ಫೈಲು ನಾಳೆ ತೆರೆಯದೇ ಹೋಗಬಹುದು, ಬರೀ ಪಠ್ಯ ತೆರೆಯುತ್ತದೆ.

ಮೂರನೆಯದು, ಸಂಜೆ ಒಂದು ಗಂಟೆ ಲ್ಯಾಬ್ ತೆರೆದಿರಲಿ. ವಿಂಡೋಸ್ 11 ಒಪ್ಪದ ಕಂಪ್ಯೂಟರ್‌ಗಳಲ್ಲಿ ಎರಡನ್ನಾದರೂ ಈ ಕೆಲಸಕ್ಕೆ ಬಿಟ್ಟುಕೊಟ್ಟರೆ, ಮನೆಯಲ್ಲಿ ಯಂತ್ರವಿಲ್ಲದವರು ಕನ್ನಡ, ಉರ್ದು ಟೈಪಿಂಗ್ ಮತ್ತು ಪುಟ ವಿನ್ಯಾಸ ಕಲಿಯಬಹುದು. ಕಲಿಸಲು ನಾನು ಸಿದ್ಧ. ಒಂದೆರಡು ದಿನ ಬಂದು ಹೇಳಿಕೊಡಲು ಮಾಮುವೂ ಒಪ್ಪಿದ್ದಾರೆ.

ನಾಲ್ಕನೆಯದು, ಹಳೆಯ ಸಂಚಿಕೆಗಳನ್ನು ಉಳಿಸುವ ಕೆಲಸ. ಯಾವ ವರ್ಷದ ಫೈಲು ಇನ್ನೂ ತೆರೆಯುತ್ತದೋ ಅದರ ಪಠ್ಯವನ್ನು ಪರಿವರ್ತಿಸೋಣ. ಫೈಲು ಇಲ್ಲದ ಕಡೆ ಅಚ್ಚಾದ ಪ್ರತಿಯನ್ನು ನೋಡಿ ಟೈಪ್ ಮಾಡೋಣ. ಒಬ್ಬೊಬ್ಬರು ಎರಡೆರಡು ಪುಟ ಹಂಚಿಕೊಂಡರೆ ಒಂದು ಸಂಚಿಕೆಗೆ ಎಂಟು ಮಂದಿ ಸಾಕು. ಇದಕ್ಕೆ ದೊಡ್ಡ ಲ್ಯಾಪ್‌ಟಾಪ್ ಬೇಡ, ನಿಮ್ಮ ಕೈಯಲ್ಲಿರುವ ಫೋನೇ ಸಾಕು.

ಕೊನೆಗೆ ಒಂದು ಕೋರಿಕೆ ಇದೆ. ನಿಮ್ಮ ಮನೆಯಲ್ಲಿ ಆಪಾ, ಭಾಯಿ, ಅಕ್ಕ, ಅಣ್ಣ, ಚಾಚಾ ಯಾರಾದರೂ ಈ ಕಾಲೇಜಿನಲ್ಲಿ ಓದಿದ್ದರೆ ಅವರ ಟ್ರಂಕಿನಲ್ಲಿ, ಅಟ್ಟದಲ್ಲಿ, ಹಳೆಯ ಪುಸ್ತಕಗಳ ನಡುವೆ ಒಮ್ಮೆ ಹುಡುಕಿ. 2009ರ ಸಂಚಿಕೆಯ ಒಂದು ಪ್ರತಿ ಎಲ್ಲಾದರೂ ಇದ್ದೇ ಇರುತ್ತದೆ ಎಂದು ನನಗನ್ನಿಸುತ್ತದೆ. ಸಿಕ್ಕರೆ ಗ್ರಂಥಾಲಯಕ್ಕೆ ಒಂದು ದಿನದ ಮಟ್ಟಿಗೆ ತಂದುಕೊಡಿ. ಉರ್ದು ಪುಟವನ್ನು ನಾನು ಟೈಪ್ ಮಾಡುತ್ತೇನೆ. ಈ ಸಲ ಅದನ್ನು ಚಿತ್ರವಾಗಿ ಅಂಟಿಸುವುದಿಲ್ಲ, ಅಕ್ಷರವಾಗಿಯೇ ಇಡುತ್ತೇನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ